ಆಸ್ಪತ್ರೆಗೊಂದು ಸಣ್ಣ ದೋಷ

ನಮ್ಮ ಊರಿನಲ್ಲಿ ಏನನ್ನಾದರೂ ರಿಪೇರಿ ಮಾಡಿದರೆ ದೋಷ ಸಾಯುವುದಿಲ್ಲ, ಎದ್ದು ಬೇರೆ ಕಡೆ ಹೋಗುತ್ತದೆ. ಗ್ರಂಥಾಲಯದ ನಲ್ಲಿ ಸೋರುತ್ತಿದೆಯೆಂದು ವಾಷರ್ ಬದಲಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಅಂಚೆ ಕಚೇರಿಯ ನಲ್ಲಿ ತೊಟ್ಟಿಕ್ಕತೊಡಗುತ್ತದೆ. ನಲ್ಲಿಯ ದೋಷ ನಲ್ಲಿಗೆ, ಬಾಗಿಲಿನದು ಬಾಗಿಲಿಗೆ, ಫ್ಯಾನಿನದು ಫ್ಯಾನಿಗೆ. ಅದರಲ್ಲಿ ಮಾತ್ರ ಅವು ಜಾತಿ ಬಿಡುವುದಿಲ್ಲ. ಇಲ್ಲಿಯವರು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ಬೆಳಿಗ್ಗೆ ಎದ್ದಾಗ ಅಡುಗೆಮನೆಯ ಬಾಗಿಲು ಕಿರ್ರೆಂದರೆ ‘ಯಾರ ಮನೀದು ಬಂತೋ’ ಎಂದು ಬೈದುಕೊಂಡು ಎಣ್ಣೆ ಬಿಡುತ್ತಾರೆ, ಅದು ಮತ್ತೊಬ್ಬರ ಮನೆಗೆ ಹೋಗುತ್ತದೆ, ಅವರೂ ಬೈಯುತ್ತಾರೆ.

ನೆಂಟರನ್ನು ಕಳಿಸುವಾಗ ನಾವೂ ಎಲ್ಲರಂತೆ ‘ಹೋಗಿ ಬಾ’ ಅನ್ನುವವರೇ. ಆದರೆ ರಿಪೇರಿಯವನು ಕೊನೆಯ ಸ್ಕ್ರೂ ಬಿಗಿ ಮಾಡಿ ಏಳುವಾಗ ‘ಹೋಗು’ ಎಂದಷ್ಟೇ ಅನ್ನಬೇಕು. ಬಾಯಿತಪ್ಪಿ ‘ಹೋಗಿ ಬಾ’ ಎಂದವನಿಗೆ ಆ ಮನೆಯಲ್ಲಿ ಚಹಾ ಕೂಡ ಸಿಗುವುದಿಲ್ಲ. ಯಾಕೆಂದರೆ ಹಾಗೆ ಕರೆಸಿಕೊಂಡದ್ದು ಒಂದಲ್ಲ ಒಂದು ದಿನ ಮರಳಿ ಬಂದೇ ಬರುತ್ತದೆ ಎಂಬುದು ಊರಿನ ನಂಬಿಕೆ. ಇನ್ನು ಬೇಕೆಂದೇ ಕೆಡಿಸಿದ್ದನ್ನು ನಾವು ದೋಷ ಎನ್ನುವುದಿಲ್ಲ, ಪುಂಡಾಟ ಎನ್ನುತ್ತೇವೆ. ಅದು ಎಲ್ಲಿಗೂ ಹೋಗದೆ ಮಾಡಿದವನ ಹೆಸರು ಹೇಳಿಕೊಂಡು ಅಲ್ಲೇ ಬಿದ್ದಿರುತ್ತದೆ.

ಇಂಥ ಊರಿನಲ್ಲಿ ಕಟ್ಟಡ ನಿರ್ವಹಣೆ ಕಚೇರಿ ನಡೆಸುವುದೆಂದರೆ ನೀವೇ ಊಹಿಸಿಕೊಳ್ಳಿ. ಆ ಕಚೇರಿಯ ಮುಖ್ಯಸ್ಥೆ ನಾನು, ನೀಲಗಂಗಾ ಕಮ್ಮಾರ. ಊರಿಗೆಲ್ಲ ನೀಲಕ್ಕ. ಎಣ್ಣೆಯ ಡಬ್ಬಿ, ಸ್ಕ್ರೂಡ್ರೈವರ್ ಹಿಡಿದು ಕೆಳಗಿನಿಂದ ಮೇಲೆ ಬಂದವಳು. ಕುರ್ಚಿ ಸಿಕ್ಕ ಮೇಲೂ ಅವೆರಡನ್ನೂ ಚೀಲದಿಂದ ತೆಗೆದಿಟ್ಟವಳಲ್ಲ. ಊರಿನ ಎಲ್ಲ ಸರ್ಕಾರಿ ಕಟ್ಟಡಗಳೂ ನನ್ನ ಜವಾಬ್ದಾರಿಯೇ ಆದರೂ ನನ್ನ ಜೀವ ಇದ್ದದ್ದು ಆಸ್ಪತ್ರೆಯ ಮೇಲೆ. ಅಲ್ಲಿ ಒಂದು ಕಿಟಕಿ ಅಲುಗಾಡುವಂತಿಲ್ಲ, ಒಂದು ಬಲ್ಬು ಮಿಣುಕುವಂತಿಲ್ಲ. ಬೇರೆ ಊರಿನಿಂದ ಬಂದವರಿಗೆ ನಮ್ಮವರು ಕೆರೆ ತೋರಿಸುತ್ತಿರಲಿಲ್ಲ, ನನ್ನ ಆಸ್ಪತ್ರೆ ತೋರಿಸುತ್ತಿದ್ದರು. ನನಗೆ ಅದರಿಂದ ಜಂಬ ಬಂದಿತ್ತು. ಬಂದಿರಲಿಲ್ಲ ಎಂದರೆ ಸುಳ್ಳಾದೀತು.

ಆದರೆ ಅಲ್ಲಿಯ ಲಿಫ್ಟ್ ಒಂದು ನನ್ನ ಮಾನ ತೆಗೆಯುತ್ತಿತ್ತು. ಊರಿನಲ್ಲಿ ಲಿಫ್ಟುಗಳೇ ನಾಲ್ಕಾರು. ನಡುವೆ ನಿಂತುಬಿಡುವ ದೋಷ ಅವುಗಳಲ್ಲೇ ಸುತ್ತುತ್ತಿತ್ತು. ನ್ಯಾಯಾಲಯದಲ್ಲಿ ನಿಂತರೆ ವಕೀಲರಿಗೆ ವಾಯಿದೆ ಕೇಳಲು ನೆಪ ಸಿಗುತ್ತಿತ್ತು, ಲಾಡ್ಜಿನಲ್ಲಿ ನಿಂತರೆ ನಗೆಪಾಟಲು. ಆಸ್ಪತ್ರೆಯಲ್ಲಿ ಹಾಗಲ್ಲ. ಹೆರಿಗೆ ಕೋಣೆ ಕೆಳಗೆ, ಆಪರೇಷನ್ ಥಿಯೇಟರ್ ಮೂರನೆಯ ಮಹಡಿಯಲ್ಲಿ. ಕಟ್ಟಿಸಿದ ಪುಣ್ಯಾತ್ಮ ಮೆಟ್ಟಿಲನ್ನು ಎಷ್ಟು ಕಿರಿದಾಗಿ ತಿರುಗಿಸಿದ್ದನೆಂದರೆ ಸ್ಟ್ರೆಚರ್ ಹೋಗುತ್ತಲೇ ಇರಲಿಲ್ಲ. ನಮ್ಮ ಲಿಫ್ಟ್ ಮೆಕ್ಯಾನಿಕ್ ರಾಚಪ್ಪ ಕೈ ಕಪ್ಪು ಮಾಡಿಕೊಂಡು ದೋಷ ಬಿಡಿಸಿ ‘ಹೋಗು’ ಎನ್ನುತ್ತಿದ್ದ. ಅದು ನ್ಯಾಯಾಲಯಕ್ಕೋ ಬ್ಯಾಂಕಿಗೋ ಹೋಗುತ್ತಿತ್ತು. ಅಲ್ಲಿ ಬಿಡಿಸಿದ ತಕ್ಷಣ ಮತ್ತೆ ನೆಟ್ಟಗೆ ಆಸ್ಪತ್ರೆಗೇ ಬರುತ್ತಿತ್ತು, ತವರಿಗೆ ಬಂದ ಹಾಗೆ. ನಾನು ಇನ್ನಷ್ಟು ಕಟ್ಟುನಿಟ್ಟು ಮಾಡಿದೆ, ಇನ್ನಷ್ಟು ಉಜ್ಜಿಸಿದೆ. ಅದು ಇನ್ನಷ್ಟು ಬಂತು.

ಆಗ ಬಂದವಳು ರೋಹಿಣಿ ಪತ್ತಾರ. ಅಂಕಿಅಂಶ ಓದಿದ ಹುಡುಗಿ, ನಮ್ಮೂರಿನ ಸೊಸೆ. ಪುರಸಭೆಯ ಅಧ್ಯಕ್ಷ ಹಂಪಣ್ಣನವರು ಎಲ್ಲೋ ಸಮ್ಮೇಳನಕ್ಕೆ ಹೋಗಿ, ಡೇಟಾ ಇಲ್ಲದೆ ಈಗ ಯಾವ ಕಟ್ಟಡವೂ ನಿಲ್ಲುವುದಿಲ್ಲ ಎಂದು ಕೇಳಿಕೊಂಡು ಬಂದು ಅವಳನ್ನು ನನ್ನ ಕಚೇರಿಗೆ ಹಾಕಿದ್ದರು. ಅವಳು ಅಂಗಿಯ ಗುಂಡಿಯಷ್ಟು ದೊಡ್ಡ ಸೆನ್ಸರ್‌ಗಳನ್ನು ತರಿಸಿ ಬಾಗಿಲು, ನಲ್ಲಿ, ಫ್ಯಾನು, ಲಿಫ್ಟ್ ಎನ್ನದೆ ಊರೆಲ್ಲ ಅಂಟಿಸಿದಳು. ಬೇಡಿದವರ ಮನೆ, ಅಂಗಡಿಗಳಿಗೂ ಅಂಟಿಸಿಕೊಟ್ಟಳು. ಜನ ಅವನ್ನು ರೋಹಿಣಿಯ ಗುಂಡಿ ಎಂದರು. ನನ್ನ ಮೇಜಿನ ಎದುರಿಗೆ ಒಂದು ದೊಡ್ಡ ಸ್ಕ್ರೀನ್ ಬಂತು. ಚೆನ್ನಾಗಿರುವ ಕಟ್ಟಡಕ್ಕೆ ಹಸಿರು ಚುಕ್ಕೆ, ದೋಷ ಇರುವಲ್ಲಿ ಕೆಂಪು. ನನ್ನ ಫೋನಿನಲ್ಲೂ ಅದೇ ಕಾಣುತ್ತಿತ್ತು. ದೋಷ ಒಂದು ಕಡೆ ಆರಿ ಇನ್ನೊಂದು ಕಡೆ ಹೊತ್ತಿಕೊಳ್ಳುವುದನ್ನು ನೋಡುತ್ತ ನಾವೆಲ್ಲ ಮೊದಮೊದಲು ಊಟ ಮರೆತು ಕೂತದ್ದುಂಟು. ಎಲ್ಲಿ ಏನಾಗಿದೆಯೆಂದು ದೂರು ಬರುವ ಮೊದಲೇ ಗೊತ್ತಾಗುತ್ತಿದ್ದುದರಿಂದ ಕೆಲಸ ಬೇಗ ಬೇಗ ಮುಗಿಯುತ್ತಿತ್ತು. ಆಸ್ಪತ್ರೆಯ ಲಿಫ್ಟ್ ಮಾತ್ರ ಮೊದಲಿಗಿಂತ ಹೆಚ್ಚು ಸಲ ನಿಂತಿತು.

ಒಂದು ದಿನ ರೋಹಿಣಿ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. ಆಗ ಅವಳಿಗೆ ಐದನೆಯ ತಿಂಗಳೋ ಏನೋ. ಹುಣಸೆ ಚಿಗಳಿ ಬಾಯಲ್ಲಿತ್ತು. ಅದನ್ನು ಒಂದು ಕೆನ್ನೆಗೆ ಸರಿಸಿಕೊಂಡು ಮೆತ್ತಗೆ ಶುರುಮಾಡಿದಳು.

“ಅಕ್ಕಾರ, ಬೈಬ್ಯಾಡ್ರಿ. ಲಿಫ್ಟಿನ ದೋಷ ತಾನಾಗೇ ದವಾಖಾನಿಗೆ ಬರಾಕತ್ತಿಲ್ಲ. ನೀವ ಅದಕ್ಕ ಜಾಗಾ ಮಾಡಿ ಕೊಡಾಕತ್ತೀರಿ.”

ಆಮೇಲೆ ಅವಳು ಸ್ಕ್ರೀನಿನ ಮೇಲೆ ತೋರಿಸಿದ್ದು ಇಷ್ಟು. ದೋಷ ಖಾಲಿ ಕಟ್ಟಡವನ್ನು ಹುಡುಕುತ್ತದೆ. ಎಲ್ಲಿ ಒಂದೂ ದೋಷವಿಲ್ಲವೋ ಅಲ್ಲಿಗೆ, ಅದರಲ್ಲೂ ಹತ್ತಿರದ್ದಕ್ಕೆ ಹೋಗುತ್ತದೆ. ಒಳಗೆ ಆಗಲೇ ಒಂದು ಇದ್ದರೆ, ಅದೆಷ್ಟೇ ಸಣ್ಣದಿರಲಿ, ಇನ್ನೊಂದು ಅಲ್ಲಿಗೆ ಕಾಲಿಡುವುದಿಲ್ಲ. ನ್ಯಾಯಾಲಯದಲ್ಲಿ ಬಹುತೇಕ ದಿನ ಒಂದು ಕಿಟಕಿ ಬಡಿದುಕೊಳ್ಳುತ್ತಿರುತ್ತದೆ, ಲಾಡ್ಜಿನ ಗಡಿಯಾರ ಹಿಂದೆ ಬೀಳುತ್ತಿರುತ್ತದೆ. ಇವುಗಳ ಬಗ್ಗೆ ಯಾರೂ ದೂರು ಕೊಡುವುದಿಲ್ಲ, ಆದ್ದರಿಂದ ಇಷ್ಟು ತಲೆಮಾರು ಯಾರಿಗೂ ಇದು ಹೊಳೆದಿರಲಿಲ್ಲ. ಗುಂಡಿಗಳಿಗೆ ಮಾತ್ರ ಸಣ್ಣದೂ ಕೇಳುತ್ತಿತ್ತು. ಊರಿನಲ್ಲಿ ಸದಾ ಖಾಲಿಯಾಗಿ, ಗುಡಿಸಿ ಒರೆಸಿ ಇಟ್ಟಂತೆ ಇದ್ದ ಕಟ್ಟಡ ಒಂದೇ, ನನ್ನ ಆಸ್ಪತ್ರೆ.

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಬೆವರು ಸುರಿಸಿ ಉಜ್ಜಿದ್ದು ದೋಷಕ್ಕೆ ಹಾಸಿಗೆ ಹಾಸಿಕೊಟ್ಟ ಹಾಗಾಯಿತು ಅಂದರೆ ಯಾರಿಗೆ ಸಹನೆಯಾದೀತು? ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಅವಳೂ ಜಾಣೆ, ಏನೂ ಅನ್ನದೆ ದಿನಾ ನನ್ನ ಮೇಜಿನ ಮೇಲೆ ಒಂದು ಚಿಗಳಿ ಇಟ್ಟುಹೋಗುತ್ತಿದ್ದಳು. ಮೂರನೆಯ ದಿನ ಲಿಫ್ಟ್ ಮತ್ತೆ ನಿಂತಿತು. ಒಳಗೆ ಒಬ್ಬ ಬಸುರಿ ಅಳುವುದು ಕೆಳಗಿನ ತನಕ ಕೇಳಿಸುತ್ತಿತ್ತು. ರಾಚಪ್ಪ ಅವಳನ್ನು ಹೊರಗೆ ತಂದ ಮೇಲೆ ನಾನು ರೋಹಿಣಿಯ ಹತ್ತಿರ ಹೋಗಿ, ಆಯಿತವ್ವ, ಒಂದು ಸಣ್ಣ ದೋಷ ನೋಡಿ ತಾ ಎಂದೆ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅವಳು ಒಂದೇ ಮಾತು ಹೇಳಿದಳು.

“ನಾನೂ ಅದ ಲಿಫ್ಟಿನ್ಯಾಗ ಹೋಗಾಕಿ ಅಲ್ರೀ ಅಕ್ಕಾರ.”

ಹುಡುಗಿಯರ ಶಾಲೆಯ ದೊಡ್ಡಬಾಯಿಯವರ, ಅಂದರೆ ಮುಖ್ಯೋಪಾಧ್ಯಾಯಿನಿಯ, ಕೋಣೆಯ ಬಾಗಿಲು ಕಿರಗುಟ್ಟುತ್ತಿತ್ತು. ಆಸ್ಪತ್ರೆ ಖಾಲಿ ಇರುವ ಹೊತ್ತು ನೋಡಿ ಅದಕ್ಕೆ ಎಣ್ಣೆ ಬಿಟ್ಟು ‘ಹೋಗು’ ಎಂದೆ. ಎಣಿಸಿದಂತೆ ಅದು ಹೆರಿಗೆ ಕೋಣೆಯ ಬಾಗಿಲಿಗೆ ಬಂದು ಸೇರಿತು. ‘ಈ ಬಾಗಿಲಿಗೆ ಎಣ್ಣೆ ಹಾಕಬಾರದು’ ಎಂದು ದಪ್ಪ ಅಕ್ಷರದಲ್ಲಿ ಬರೆಸಿ ಹಾಕಿದೆ. ಆ ಬಾಗಿಲು ದಾಟುವಾಗೆಲ್ಲ ನನ್ನ ಕೈ ತಾನಾಗಿ ಚೀಲದ ಡಬ್ಬಿಗೆ ಹೋಗುತ್ತಿತ್ತು. ಹಲ್ಲು ಕಚ್ಚಿಕೊಂಡು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಆದರೆ ಲಿಫ್ಟ್ ಆ ಮಳೆಗಾಲವಿಡೀ ಒಮ್ಮೆಯೂ ನಿಲ್ಲಲಿಲ್ಲ.

ಅದಾದ ಮೇಲೆ ನಮ್ಮ ಕೆಲಸದ ಧಾಟಿಯೇ ಬದಲಾಯಿತು. ಯಾವ ಕಟ್ಟಡಕ್ಕೆ ಯಾವ ಸಣ್ಣ ದೋಷ ಒಪ್ಪುತ್ತದೆ ಎಂದು ರೋಹಿಣಿ ಗಂಡು ಹೆಣ್ಣಿನ ಜಾತಕ ಕೂಡಿಸುವವಳಂತೆ ನೋಡಿ ನೋಡಿ ಹೊಂದಿಸಿದಳು. ಗ್ರಂಥಾಲಯಕ್ಕೆ ಹಿಂದೆ ಬೀಳುವ ಗಡಿಯಾರ ಕೊಟ್ಟೆವು. ಬಾಗಿಲು ಹಾಕುವ ಹೊತ್ತು ಮುಂದಕ್ಕೆ ಹೋಗಿದ್ದರಿಂದ ಓದುವವರಿಗೆ ಖುಷಿ. ಅಂಚೆ ಕಚೇರಿಗೆ ತೋಟದಲ್ಲಿ ತೊಟ್ಟಿಕ್ಕುವ ನಲ್ಲಿ, ಅದರ ಬುಡದಲ್ಲಿ ಜವಾನ ಪುದೀನ ಬೆಳೆದ. ದೊಡ್ಡ ದೋಷಗಳು ಊರ ಹೊರಗಿನ ಖಾಲಿ ಗೋದಾಮುಗಳಿಗೆ ಹೋಗಿ ಬಿದ್ದವು. ಲಿಫ್ಟಿನದಕ್ಕೆ ಮಾತ್ರ ಲಿಫ್ಟೇ ಬೇಕಾದ್ದರಿಂದ ಅದು ಊರೊಳಗೇ ಉಳಿಯಿತು. ಒಪ್ಪದವರು ಹಂಪಣ್ಣನವರು ಒಬ್ಬರೇ. ಅವರಿಗೆ ಪುರಸಭೆಯ ಹೊಸ ಕಟ್ಟಡ ಸ್ಕ್ರೀನಿನ ಮೇಲೆ ಹಸಿರಾಗಿಯೇ ಇರಬೇಕಿತ್ತು. ಉತ್ತಮ ಕಟ್ಟಡ ಎಂಬ ಪ್ರಶಸ್ತಿ ಕೊಡುವವರು ಪರಿಶೀಲನೆಗೆ ಬರುವವರಿದ್ದರು. ಒಂದು ತೊಟ್ಟಿಕ್ಕುವ ನಲ್ಲಿಯನ್ನಾದರೂ ಇಟ್ಟುಕೊಳ್ಳಿ ಎಂದರೆ, ಪ್ರಶಸ್ತಿ ಬಂದ ಮೇಲೆ ನೋಡೋಣ ಎಂದರು.

ರೋಹಿಣಿಗೆ ನೋವು ಕಾಣಿಸಿಕೊಂಡದ್ದು ಆ ಪರಿಶೀಲನೆಯ ದಿನವೇ. ಬೆಳಿಗ್ಗೆಯೇ ಅವಳನ್ನು ಸೇರಿಸಿದರು. ನಾನು ಕಚೇರಿ ಬಿಟ್ಟು ಹೆರಿಗೆ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತೆ. ಮಧ್ಯಾಹ್ನದ ತನಕ ನರ್ಸುಗಳು ಒಳಗೆ ಹೊರಗೆ ಓಡಾಡಿದಷ್ಟೂ ಬಾಗಿಲು ಕಿರ್ರೋ ಎಂದು ಅರಚಿಕೊಂಡಿತು. ನೋವಿನ ನಡುವೆ ಒಂದು ಗಳಿಗೆ ಕಣ್ಣು ಮುಚ್ಚಿದರೆ ಈ ಸದ್ದು ಆ ಹುಡುಗಿಯನ್ನು ಎಬ್ಬಿಸುತ್ತಿತ್ತು. ಅವಳ ಅತ್ತೆ ಕಾಶವ್ವ ಸೊಸೆಯ ನೆತ್ತಿಗೆ ತಟ್ಟಲು ತಂದ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಒಳಗಿದ್ದರು.

ಸ್ವಲ್ಪ ಹೊತ್ತಾದ ಮೇಲೆ ಸದ್ದು ನಿಂತಿತು. ನರ್ಸ್ ಒಬ್ಬಳು ಹೊರಗೆ ಬಂದಳು, ಬಾಗಿಲು ಬೆಣ್ಣೆಯ ಹಾಗೆ ತೆರೆದುಕೊಂಡಿತು. ನನಗೆ ಎಂಥ ಸಮಾಧಾನವಾಯಿತೆಂದರೆ, ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದೆ. ಎಷ್ಟೋ ತಿಂಗಳಿನಿಂದ ಹಲ್ಲಿನಲ್ಲಿ ಸಿಕ್ಕಿಕೊಂಡಿದ್ದ ನಾರು ಹೊರಬಂದ ಹಾಗಿತ್ತು. ನನ್ನ ಆಸ್ಪತ್ರೆ ಮತ್ತೆ ಮೊದಲಿನಂತೆ ಆಯಿತಲ್ಲ ಎನ್ನಿಸಿತು. ಆಮೇಲೆ ಅದರ ಅರ್ಥ ಹೊಳೆಯಿತು.

ಎದ್ದು ಬಾಗಿಲು ನೋಡಿದೆ. ಕೀಲಿನಿಂದ ಕೊಬ್ಬರಿ ಎಣ್ಣೆ ಇಳಿಯುತ್ತಿತ್ತು. ಕಾಶವ್ವ ಸೆರಗಿಗೆ ಬೆರಳು ಒರೆಸಿಕೊಳ್ಳುತ್ತ ನಿಂತಿದ್ದರು. ಬೋರ್ಡು ನೋಡಲಿಲ್ಲವೇ ಎಂದು ಕೇಳಿದರೆ, ನೋಡಿದೆ, ಅದು ಹೊರಗಿನವರಿಗೆ ಬರೆದದ್ದು ಅಂದುಕೊಂಡೆ, ನನ್ನ ಸೊಸೆ ಒಂದು ಗಳಿಗೆ ಮಲಗಲಿ ಎಂದರು. ಅಲ್ಲಿ ಎಣ್ಣೆ ಕೈಯಲ್ಲಿ ಹಿಡಿದು ನಾನೇ ನಿಂತಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ. ಫೋನು ತೆಗೆದೆ. ಆಸ್ಪತ್ರೆಯ ಚುಕ್ಕೆ ಅಚ್ಚ ಹಸಿರು. ಲಿಫ್ಟಿನ ದೋಷ ನ್ಯಾಯಾಲಯದಲ್ಲಿತ್ತು, ಅಲ್ಲಿ ರಾಚಪ್ಪ ಬೆಳಿಗ್ಗೆಯಿಂದ ಅದನ್ನು ಬಿಡಿಸುತ್ತಿದ್ದ. ಅವನು ಬಿಡಿಸಿದ ಗಳಿಗೆಯಲ್ಲೇ ಅದು ಹತ್ತಿರದ ಖಾಲಿ ಕಟ್ಟಡಕ್ಕೆ ಬರುತ್ತದೆ. ಹತ್ತಿರದ್ದೆಂದರೆ ನಾವೇ. ರಾಚಪ್ಪನಿಗೆ ಫೋನು ಮಾಡಿದೆ. ಕೆಲಸಕ್ಕಿಳಿಯುವಾಗ ಅಂಗಿ ಕಳಚಿ ಹೊರಗೆ ತೂಗುಹಾಕುವ ಅಭ್ಯಾಸ ಅವನಿಗೆ, ಫೋನು ಆ ಅಂಗಿಯ ಜೇಬಿನಲ್ಲಿ. ನ್ಯಾಯಾಲಯದ ಕಚೇರಿಗೆ ಮಾಡಿದರೆ ಊಟದ ಹೊತ್ತು, ಯಾರೂ ಎತ್ತಲಿಲ್ಲ.

ಅದೇ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದರು. ಮಗುವಿನ ಎದೆಬಡಿತ ಇಳಿಯುತ್ತಿದೆ, ಕಾಯುವ ಹಾಗಿಲ್ಲ, ಈಗಲೇ ಮೇಲೆ ಒಯ್ಯಬೇಕು ಎಂದರು. ಐದು ನಿಮಿಷ ಕೊಡಿ, ಲಿಫ್ಟಿಗೆ ಹಾಕಬೇಡಿ ಎಂದು ನಾನು ಕೈಮುಗಿದೆ. ಇಷ್ಟು ವರ್ಷ ನನ್ನನ್ನು ಕಂಡ ಹೆಣ್ಣುಮಗಳು, ಯಾಕೆಂದು ಕೇಳಲಿಲ್ಲ. ತಯಾರಿ ಮಾಡಿಕೊಳ್ಳುತ್ತೇವೆ, ಆದರೆ ಐದಕ್ಕಿಂತ ಹೆಚ್ಚು ಕೇಳಬೇಡಿ ಎಂದರು.

ಆಸ್ಪತ್ರೆಯ ಎದುರಿಗೇ, ರಸ್ತೆಯ ಆಚೆ, ಸ್ಕ್ರೀನಿನ ಮೇಲೆ ಒಂದು ಪುಟ್ಟ ಕೆಂಪು ಚುಕ್ಕೆ. ಮೌಲಾಲಿಯ ಚಹಾದ ಅಂಗಡಿ ಅದು. ಊರಿನಲ್ಲಿ ಒಂದೇ ಕಡೆ ತಳ ಊರಿದ ದೋಷ ಅದೊಂದೇ ಇರಬೇಕು. ಅವನ ಫ್ಯಾನು ಸುತ್ತು ಸುತ್ತಿಗೂ ಟಕ್ ಟಕ್ ಎನ್ನುತ್ತಿತ್ತು, ಅವನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಮೌಲಾಲಿ ಗಡಿಯಾರ ನೋಡಿ ಚಹಾ ಮಾಡುವವನಲ್ಲ. ಪುಡಿ ಹಾಕಿ ಆ ಟಕ್ ಟಕ್ ಕೇಳುತ್ತ ನಿಂತು, ಎಲ್ಲೋ ಒಂದು ಟಕ್ಕಿಗೆ ಪಾತ್ರೆ ಇಳಿಸುತ್ತಿದ್ದ. ಎಷ್ಟನೆಯದಕ್ಕೆ ಎಂದು ಕೇಳಿದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ. ಆ ಚಹಾ ಕುಡಿಯಲೆಂದೇ ಕಾಯಿಲೆ ನೆಪ ಹೇಳಿ ಆಸ್ಪತ್ರೆಗೆ ಬರುವವರಿದ್ದರು.

ಓಡಿದೆ. ಈ ವಯಸ್ಸಿನಲ್ಲಿ ಸೀರೆ ಎತ್ತಿ ಕಟ್ಟಿ ರಸ್ತೆಯಲ್ಲಿ ಓಡಿದ್ದನ್ನು ಊರು ಇನ್ನೂ ಹೇಳಿಕೊಂಡು ನಗುತ್ತದೆ. ನಗಲಿ. ಅಂಗಡಿಯಲ್ಲಿ ಪಾತ್ರೆ ಉಕ್ಕುತ್ತಿತ್ತು. ನಾನು ಏದುಸಿರಿನಲ್ಲಿ ಎಲ್ಲವನ್ನೂ ಹೇಳಿದೆ. ಬಾಗಿಲಿನದು ಹೋಯಿತು, ಆಸ್ಪತ್ರೆ ಖಾಲಿಯಾಗಿದೆ, ಲಿಫ್ಟಿನದು ಯಾವ ಗಳಿಗೆಯಲ್ಲಾದರೂ ಬಂದೀತು, ಒಳಗೆ ರೋಹಿಣಿ ಇದ್ದಾಳೆ, ನಿನ್ನ ಫ್ಯಾನಿನ ದೋಷ ನನಗೆ ಬೇಕು. ಮೌಲಾಲಿ ತಲೆಯೆತ್ತಿ ಫ್ಯಾನು ನೋಡಿದ.

“ಇದು ಹೋತಂದ್ರ ನನ್ನ ಚಾ ಹೋದಂಗ, ನೀಲಕ್ಕ” ಎಂದ.

ಅವನು ಹೇಳಿದ್ದು ನಿಜವೇ ಆಗಿತ್ತು. ಕುಡಿಯಲು ಕೂತವರು ಕಪ್ಪು ಕೆಳಗಿಟ್ಟು ಅವನನ್ನೇ ನೋಡಿದರು. ಮೌಲಾಲಿ ಬಗ್ಗಿ ಒಲೆ ಆರಿಸಿದ. ಆಮೇಲೆ ಫ್ಯಾನು ಆರಿಸಿ, ತಾನೇ ಸ್ಟೂಲು ತಂದು ಅದರ ಕೆಳಗಿಟ್ಟು, ಅಲುಗಾಡದಂತೆ ಎರಡೂ ಕೈಯಿಂದ ಹಿಡಿದುಕೊಂಡ.

ಹತ್ತಿದೆ. ಫ್ಯಾನಿನ ಮೇಲಿನ ಬಟ್ಟಲಿನಂಥ ಮುಚ್ಚಳ ಸಡಿಲಾಗಿ ಸರಳಿಗೆ ತಾಗುತ್ತಿತ್ತು. ಸ್ಕ್ರೂ ಬಿಗಿ ಮಾಡಲು ಹೊತ್ತು ಹಿಡಿಯಲಿಲ್ಲ. ಕೊನೆಯ ಸುತ್ತು ತಿರುಗಿಸಿ ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ ಮೌಲಾಲಿ, ನಾನು ಹೇಳುತ್ತೇನೆ, ಇದು ನನ್ನ ಮನೆಯದು ಎಂದ. ಕತ್ತೆತ್ತಿ ಫ್ಯಾನನ್ನೇ ನೋಡುತ್ತ ಹೇಳಿದ.

“ಹೋಗಿ ಬಾ.”

ಅಂಗಡಿಯಲ್ಲಿದ್ದ ಒಬ್ಬರೂ ನಾಲಿಗೆ ಕಚ್ಚಿಕೊಳ್ಳಲಿಲ್ಲ, ಬಿಡ್ತು ಅನ್ನು ಎನ್ನಲಿಲ್ಲ. ಯಾರೋ ಸ್ವಿಚ್ಚು ಹಾಕಿದರು. ಫ್ಯಾನು ಸದ್ದಿಲ್ಲದೆ ಸುತ್ತಿತು.

ನಾನು ಸ್ಟೂಲಿನಿಂದ ಇಳಿಯುವ ಮೊದಲೇ ರಸ್ತೆಯಾಚೆ ಹೆರಿಗೆ ಕೋಣೆಯ ಕಿಟಕಿಯಿಂದ ಕಾಶವ್ವ ತಲೆ ಹೊರಗೆ ಹಾಕಿದರು. ಫ್ಯಾನು ಟಕ್ ಟಕ್ ಅನ್ನುತ್ತಿದೆ, ಇದಕ್ಕೆ ನಾನು ಏನೂ ಮಾಡಿಲ್ಲ ಎಂದು ಅಲ್ಲಿಂದಲೇ ಕೂಗಿ ಹೇಳಿದರು. ರಸ್ತೆ ದಾಟಿ ಆಸ್ಪತ್ರೆಯೊಳಗೆ ಓಡಿಬಂದು ಡಾಕ್ಟರಮ್ಮನಿಗೆ ಕೈ ಬೀಸಿದೆ. ಸ್ಟ್ರೆಚರ್ ಲಿಫ್ಟಿನೊಳಗೆ ಹೋಯಿತು. ಬಾಗಿಲು ಮುಚ್ಚುವುದನ್ನೂ, ಮೇಲಿನ ಅಂಕೆ ಒಂದು, ಎರಡು ಎಂದು ಹೊತ್ತಿಕೊಳ್ಳುವುದನ್ನೂ ನಾನು ಕೆಳಗೆ ನಿಂತು ನೋಡಿದೆ. ಎರಡಕ್ಕೂ ಮೂರಕ್ಕೂ ನಡುವೆ ನನ್ನ ಕೈಯಲ್ಲಿದ್ದ ಫೋನು ಸದ್ದು ಮಾಡಿತು. ನ್ಯಾಯಾಲಯದಲ್ಲಿ ಲಿಫ್ಟಿನ ಕೆಂಪು ಆರಿತ್ತು. ರಾಚಪ್ಪ ಕೆಲಸ ಮುಗಿಸಿದ್ದ. ಆಸ್ಪತ್ರೆಯ ಮೇಲೆ ಮೌಲಾಲಿಯ ಪುಟ್ಟ ಚುಕ್ಕೆ ಅಲುಗಾಡದೆ ಕೂತಿತ್ತು. ಲಿಫ್ಟಿನ ಅಂಕೆ ಮೂರಕ್ಕೆ ಬಂತು.

ಲಿಫ್ಟಿನ ದೋಷ ಎಲ್ಲಿ ಹೋಯಿತು ಎಂದು ನೋಡಲು ನನಗೆ ಮನಸ್ಸಿರಲಿಲ್ಲ, ನೋಡಬೇಕಾಗಿಯೂ ಬರಲಿಲ್ಲ. ಊರಿನಲ್ಲಿ ಲಿಫ್ಟ್ ಇರುವ ಅಚ್ಚ ಹಸಿರು ಕಟ್ಟಡ ಇನ್ನೊಂದೇ ಒಂದಿತ್ತಲ್ಲ. ಪ್ರಶಸ್ತಿ ಕೊಡುವ ಮೂವರನ್ನೂ ಒಳಗೆ ಹತ್ತಿಸಿಕೊಂಡು, ನಮ್ಮಲ್ಲಿ ಒಂದೂ ದೋಷವಿಲ್ಲ ಎಂದು ವಿವರಿಸುತ್ತಿದ್ದ ಹಂಪಣ್ಣನವರು ಎರಡು ಮಹಡಿಗಳ ನಡುವೆ ನಿಂತರು. ರಾಚಪ್ಪ ಕೈ ತೊಳೆದು, ಊಟ ಮಾಡಿ, ಆಮೇಲೆ ಹೋಗಿ ಇಳಿಸಿದ. ಅಧ್ಯಕ್ಷರು ಆ ಸಂಜೆಯೇ ನನ್ನ ಕಚೇರಿಗೆ ಬಂದು, ಆ ತೊಟ್ಟಿಕ್ಕುವ ನಲ್ಲಿ ಇನ್ನೂ ಇದೆಯೇ ಎಂದು ಮೆಲ್ಲನೆ ವಿಚಾರಿಸಿದರು.

ರೋಹಿಣಿಗೆ ಹೆಣ್ಣು ಮಗು. ಕಪ್ಪಗೆ, ದುಂಡಗೆ, ಅಜ್ಜಿಯಷ್ಟೇ ಹಠದ್ದು. ಹುಟ್ಟಿದ ಮೊದಲ ದಿನಗಳನ್ನೆಲ್ಲ ಆ ಫ್ಯಾನಿನ ಕೆಳಗೆ ಕಳೆದದ್ದಕ್ಕೆ ಅದಕ್ಕೆ ಟಕ್ ಟಕ್ ಇಲ್ಲದೆ ನಿದ್ದೆಯೇ ಬಾರದು. ಮನೆಗೆ ಹೋದ ಮೇಲೆ ಕಾಶವ್ವ ತೊಟ್ಟಿಲ ಪಕ್ಕ ಕೂತು ಚಮಚದಿಂದ ತಟ್ಟುತ್ತಾರೆ. ಮೌಲಾಲಿ ಒಂದು ಸಲ ಮಗುವನ್ನು ನೋಡಲು ಹೋದವನು ಆ ಸದ್ದು ಕೇಳಿ ಮುಖ ಅರಳಿಸಿಕೊಂಡು, ಅದನ್ನೇ ಮನಸ್ಸಿನಲ್ಲಿ ಹಿಡಿದುಕೊಂಡು ಅಂಗಡಿಗೆ ಓಡಿಬಂದು ಚಹಾ ಇಟ್ಟ. ಕಾಶವ್ವನ ಕೈ ನಿಧಾನ. ಅವತ್ತು ಅಂಗಡಿಯಲ್ಲಿ ಎಲ್ಲರೂ ಕಷಾಯ ಕುಡಿದರು.

ಈಗಲೂ ಅವನ ಚಹಾ ಒಂದು ದಿನ ನೀರು, ಒಂದು ದಿನ ವಿಷ. ಆದರೂ ಅಂಗಡಿಯಲ್ಲಿ ಮೊದಲಿಗಿಂತ ಹೆಚ್ಚು ಜನ. ಯಾರೂ ಮುಖ ಕಿವುಚುವುದಿಲ್ಲ, ಅರ್ಧಕ್ಕೆ ಬಿಟ್ಟು ಏಳುವುದಿಲ್ಲ. ಹಂಪಣ್ಣನವರು ಕೂಡ ಕೊನೆಯ ಗುಟುಕಿನ ತನಕ ಕುಡಿದು ಮೀಸೆ ಒರೆಸಿಕೊಂಡು ಹೋಗುತ್ತಾರೆ. ರೋಹಿಣಿ ಮತ್ತೆ ಕೆಲಸಕ್ಕೆ ಬಂದಿದ್ದಾಳೆ. ಅವಳು ಬಂದು ಮಾಡಿದ ಮೊದಲ ಕೆಲಸ ಆಸ್ಪತ್ರೆಗೆ ಇನ್ನೊಂದು ಸಣ್ಣ ದೋಷ ಹುಡುಕಲು ಕೂತದ್ದು, ಮೌಲಾಲಿಯದನ್ನು ಬಿಟ್ಟುಕೊಡಬೇಕಲ್ಲ. ಯಾವುದು ಎಷ್ಟು ದಿನಕ್ಕೆ ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ಎಂದು ಲೆಕ್ಕ ಹಾಕುತ್ತ, ಈ ವರ್ಷದೊಳಗೆ ಆಗುತ್ತದೆ ಎನ್ನುತ್ತಾಳೆ. ಅವಳ ಲೆಕ್ಕ ತಪ್ಪುವುದಿಲ್ಲ.

ನಿನ್ನೆ ಸಂಜೆ ನಾನು ಹೋದಾಗ ಸ್ಟೂಲು ಇನ್ನೂ ಫ್ಯಾನಿನ ಕೆಳಗೇ ಇತ್ತು. ಯಾಕೋ ಎತ್ತಿಡಲಿಲ್ಲವಲ್ಲ ಎಂದು ಕೇಳಿದೆ. ಮೌಲಾಲಿ ಪಾತ್ರೆಯ ಮೇಲಿನಿಂದ ಕಣ್ಣು ತೆಗೆಯಲಿಲ್ಲ.

“ಬರತೈತ್ರಿ ಅಕ್ಕ. ನಾ ಹೇಳಿ ಕಳಿಸೇನಿ” ಎಂದ.

ಚಹಾ ಕೊಟ್ಟ. ಒಂದು ಗುಟುಕು ಕುಡಿದೆ. ಬರೀ ಒಗರು. ಮೇಲೆ ಫ್ಯಾನು ತುಟಿಪಿಟಕ್ಕೆನ್ನದೆ ಸುತ್ತುತ್ತಿತ್ತು, ರಸ್ತೆಯಾಚೆಯಿಂದ ಆಸ್ಪತ್ರೆಯ ಟಕ್ ಟಕ್ ಸಣ್ಣಗೆ ಕೇಳಿಸುತ್ತಿತ್ತು. ಕಪ್ಪು ಖಾಲಿ ಮಾಡಿ ಮುಂದಿಟ್ಟು, ಇನ್ನೊಂದು ಕೊಡು ಎಂದೆ.